ಬಾಯಲ್ಲಿ ಮೊಳೆ

"ಹಲ್ಲು ಹೋದ್ರೆ ಯಾರೂ ಸಾಯಲ್ಲ ಕಣಮ್ಮ. ಅದೆಲ್ಲ ಅಂದಕ್ಕೆ. ಅಂದಕ್ಕೆ ಸರ್ಕಾರದ ವಿಮೆ ಬರಲ್ಲ."

ವಿಮೆ ಕಚೇರಿಯ ಗುಮಾಸ್ತ ನನ್ನ ಕಾಗದಗಳನ್ನು ಕಿಟಕಿಯಿಂದ ಆಚೆ ತಳ್ಳಿದ. ಅಂದವಂತೆ ಅಂದ! ಮೇಲಿನ ನಾಲ್ಕು ಹಲ್ಲು ಬುಡಸಮೇತ ಹೋಗಿ, ಹದಿನೈದು ದಿನದಿಂದ ಊಟವನ್ನು ಕಿವುಚಿ ನುಂಗುತ್ತಿದ್ದೇನೆ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ, ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಕೆಲಸದ ಜಾಗದಲ್ಲಿ ಪೆಟ್ಟಾಗಿದ್ದರೆ ಹಲ್ಲು ಕಟ್ಟಿಸುವ ಖರ್ಚೂ ವಿಮೆಗೆ ಸೇರುತ್ತದೆ, ನಿನ್ನ ಚೀಟಿಯಲ್ಲಿ ಮನೆಯ ಬಚ್ಚಲಲ್ಲಿ ಜಾರಿ ಬಿದ್ದದ್ದು ಅಂತ ಬರೆದಿದೆಯಲ್ಲ ಎಂದ.

ನಮ್ಮ ಮನೆಗೆ ಬಚ್ಚಲೇ ಇಲ್ಲ. ಎಂಟು ಮನೆಗೆ ಒಂದು ನಲ್ಲಿ. ಆ ಬಚ್ಚಲನ್ನು ಆಸ್ಪತ್ರೆಯ ಚೀಟಿಯ ಮೇಲೆ ಕಟ್ಟಿಸಿಕೊಟ್ಟವನು ನಮ್ಮ ಧಣಿ.

ನಾವು ಮರದ ಪೆಟ್ಟಿಗೆ ಹೊಡೆಯುವವರು, ನನ್ನನ್ನೂ ಸೇರಿಸಿ ಹನ್ನೊಂದು ಹೆಂಗಸರು. ಒಂದೊಂದು ಮೊಳೆಗೂ ಬಗ್ಗಿ ಎದ್ದರೆ ಹೊತ್ತು ಹಾಳು ಎನ್ನುವುದು ಧಣಿಯ ಲೆಕ್ಕ. ಅದಕ್ಕೇ ಮೊಳೆಗಳನ್ನು ಬಾಯಲ್ಲಿ ತುಂಬಿಕೊಳ್ಳಬೇಕು, ನಾಲಿಗೆಯಲ್ಲಿ ತಿರುಗಿಸಿ ಒಂದೊಂದೇ ತುಟಿಗೆ ತಳ್ಳಬೇಕು. ಬಾಯಿ ತುಂಬಿದ್ದರೆ ಹರಟೆಯೂ ಇಲ್ಲ. ಇದನ್ನು ನನಗೆ ಕಲಿಸಿದವಳು ನಮ್ಮಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ.

ಅವತ್ತು ಅಟ್ಟಿ ಹಾಕಿದ್ದ ಪೆಟ್ಟಿಗೆಗಳು ನನ್ನ ಬೆನ್ನ ಮೇಲೆ ಕುಸಿದವು. ಮುಖ ಹೋಗಿ ಮೇಜಿಗೆ ಅಪ್ಪಳಿಸಿತು. ಬಾಯಲ್ಲಿ ಆರು ಮೊಳೆ ಇದ್ದವು. ಒಂದನ್ನು ಡಾಕ್ಟರು ಒಸಡಿನಿಂದ ಇಕ್ಕಳ ಹಾಕಿ ಎಳೆದರು. ನನಗೆ ಮಾತೇ ಹೊರಡದಿದ್ದಾಗ ಧಣಿ ಪಕ್ಕದಲ್ಲಿ ನಿಂತು ಬಚ್ಚಲ ಕಥೆ ಬರೆಸಿದ, ನನ್ನ ಹೆಬ್ಬೆಟ್ಟನ್ನು ತಾನೇ ಹಿಡಿದು ಒತ್ತಿಸಿದ. ಬಚ್ಚಲಲ್ಲಿ ಬಿದ್ದವಳ ಒಸಡಿಗೆ ಮೊಳೆ ಎಲ್ಲಿಂದ ಬಂತು ಅಂತ ಒಬ್ಬ ಬೋಳಿಮಗನೂ ಕೇಳಲಿಲ್ಲ.

ವಿಮೆ ಕಚೇರಿಯಲ್ಲೇ ದೂರು ಕೊಟ್ಟೆ. ಅಧಿಕಾರಿ ಬಂದು ವಿಚಾರಿಸುತ್ತಾರೆ, ಜೊತೆಗೆಲಸದವರು ಹೌದೆಂದರೆ ಚೀಟಿ ತಿದ್ದಬಹುದು ಎಂದರು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಧಣಿ ಪ್ರತಿಯೊಬ್ಬಳ ಮುಂದೆಯೂ ಹೊಸ ತಗಡಿನ ಡಬ್ಬಿ ಇಡಿಸಿ, ಅದರಲ್ಲಿ ಮೊಳೆ ಸುರಿಸಿದ್ದ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ.

"ಯಾವಳಾದ್ರೂ ಬಾಯಿ ಬಿಟ್ರೆ ನಾಳೆಯಿಂದ ಇತ್ತ ತಲೆ ಹಾಕೋದು ಬೇಡ. ತಿಳೀತೇನ್ರೇ, ಮುಂಡೇವಾ?"

ಹತ್ತೂ ಜನ ತಲೆ ತಗ್ಗಿಸಿ ಡಬ್ಬಿಗೆ ಕೈ ಹಾಕಿದರು.

ಅಧಿಕಾರಿ ಬಂದ. ಧಣಿ ಡಬ್ಬಿಗಳನ್ನು ದೂರದಿಂದಲೇ ತೋರಿಸಿ, ಬಾಯಲ್ಲಿ ಮೊಳೆ ಇಟ್ಟುಕೊಳ್ಳುವ ಪದ್ಧತಿಯೇ ಇಲ್ಲಿಲ್ಲ, ಬಚ್ಚಲಲ್ಲಿ ಬಿದ್ದದ್ದನ್ನು ಇವಳು ಸುಮ್ಮನೆ ಕಾರ್ಖಾನೆಯ ತಲೆಗೆ ಕಟ್ಟುತ್ತಿದ್ದಾಳೆ ಎಂದ. ಅಧಿಕಾರಿ ಹೆಂಗಸರ ಕಡೆ ತಿರುಗಿ, ಹೌದೇನ್ರಮ್ಮ ಎಂದು ಕೇಳಿದ.

ಸುತ್ತಿಗೆಗಳ ಸದ್ದು ನಿಂತಿತು. ಒಬ್ಬಳೂ ಉತ್ತರ ಕೊಡಲಿಲ್ಲ. ದೊಡ್ಡಕ್ಕನಂತೂ ತಗ್ಗಿಸಿದ ಮುಖ ಎತ್ತಲೇ ಇಲ್ಲ. ಥೂ, ನೀನೂ ಇಷ್ಟೇನಾ ಎಂದು ಮನಸ್ಸಿನಲ್ಲೇ ಬೈದೆ.

"ಬಾಯಿಗೇನು ಬಂದಿದೆ? ಹೇಳ್ರೇ ಸಾಹೇಬ್ರಿಗೆ," ಎಂದು ಧಣಿ ಗದರಿದ.

ದೊಡ್ಡಕ್ಕ ಮುಖ ಎತ್ತಿದಳು. ತುಟಿಗಳ ನಡುವೆ ಮೊಳೆಯ ತಲೆಗಳು ಸಾಲಾಗಿ ಕಂಡವು. ಅವಳ ಪಕ್ಕದವಳೂ ಎತ್ತಿದಳು. ಆಮೇಲೆ ಉಳಿದವರು. ಹತ್ತು ಬಾಯಿಯ ತುಂಬ ಮೊಳೆ. ಮೇಜಿನ ಮೇಲಿನ ಡಬ್ಬಿಗಳು ಖಾಲಿ.

ಉಗೀರೇ ಅದನ್ನ ಎಂದು ಧಣಿ ಅರಚಿದ. ಒಬ್ಬಳೂ ಉಗಿಯಲಿಲ್ಲ. ದೊಡ್ಡಕ್ಕ ನಾಲಿಗೆಯಿಂದ ಒಂದು ಮೊಳೆಯನ್ನು ತುಟಿಗೆ ತಳ್ಳಿ, ತೆಗೆದು, ಹಲಗೆಯ ಮೇಲಿಟ್ಟು ಒಂದೇ ಏಟಿಗೆ ಇಳಿಸಿದಳು. ಹತ್ತು ಸುತ್ತಿಗೆಗಳೂ ಎದ್ದವು. ಧಣಿಯ ಅರಚಾಟ ಆ ಸದ್ದಿನಲ್ಲಿ ಕೇಳಿಸಲೇ ಇಲ್ಲ.

ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಅವನು ಒಮ್ಮೆ ಧಣಿಯ ಮುಖ ನೋಡಿದ, ಒಮ್ಮೆ ಬಾಗಿಲು ನೋಡಿದ. ನಾನು ಬಾಗಿಲಿಗೆ ಅಡ್ಡ ಬಂದು ಅವನೆದುರು ನಿಂತೆ. ಇಷ್ಟು ದಿನ ಬಾಯಿ ಮುಚ್ಚಿದ್ದ ಕೈಯನ್ನು ತೆಗೆದೆ, ಒಸಡಿನ ತೂತು ಕಾಣುವಷ್ಟು ಅಗಲವಾಗಿ ಬಾಯಿ ತೆರೆದು ತೋರಿಸಿದೆ.

"ಬರ್ಕೊಳ್ಳಿ," ಎಂದೆ.