ಇಬ್ಬರಿಗೆ ಒಂದು ಪಂಪು

“ಹೆತ್ತಬ್ಬಿ ಉಸ್ರ್ ಸಿಕ್ದೆ ಸಾಯ್ವತಿಗೆ ಇವ ಮಿಕ್ಸಿ ತಿರ್ಗಿಸ್ತಾ ಕೂಕಂಡಿದ್ನಂಬ್ರ್. ಇಂಥ ನಾಯಿ ಕೈಗ್ ಕೊಳ್ಳಿ ಕೊಡುದಾ?”

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವರ ಕೈ ನಿಂತಿತು. ಹೇಳಿದ್ದು ಸೋದರಮಾವ ಲೀಲಾಧರ, ಅಂಗಳದ ತುಂಬ ಜನ ಇದ್ದಾಗಲೇ. ಅಜಿತ್ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಹಗ್ಗವನ್ನು ಎಳೆದು ಗಂಟು ಹಾಕಿದ.

ಜಗಲಿಯಲ್ಲಿ ಅವನ ತಾಯಿ ಸುಗುಣಳನ್ನು ಮಲಗಿಸಿದ್ದರು. ಹಗಲಿಡೀ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಹುರಿದು, ಸಂಜೆ ಅದೇ ಹೊಗೆ ಬಂದು ಕೂರುವ ಈ ಮನೆಗೆ ಬರುತ್ತಿದ್ದವಳು. ಧಣಿಯ ಮನೆ ದೂರ, ಕುಂಭಾಶಿಯಲ್ಲಿ. ಅಲ್ಲಿಗೆ ಹೊಗೆ ಹೋಗುವುದಿಲ್ಲ. ಅಲ್ಲಿಂದ ಹೂಹಾರ ಬಂದಿತ್ತು.

ಕುರ್ಚಿಯಲ್ಲಿ ಬೈಂದೂರಿನ ಉದಯಶಂಕರ ಕೂತಿದ್ದರು. ಅಜಿತನ ತಂಗಿ ಶರಣ್ಯಾಳನ್ನು ನಿನ್ನೆಯಷ್ಟೇ ತಮ್ಮ ಮಗನಿಗೆ ಒಪ್ಪಿ ಹೋದವರು.

*

ಉಬ್ಬಸ ತಾಯಿಗೂ ಇತ್ತು, ಮಗಳಿಗೂ ಇತ್ತು. ಬಾಯಿಗಿಟ್ಟು ಮದ್ದು ಎಳೆಯುವ ಪಂಪು ಇಬ್ಬರಿಗೂ ಒಂದೇ. ಪಂಪು ಎಳೆಯುವ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ? ಊರಿಗೆಲ್ಲ ಸುಗುಣ ಥಂಡಿ ಅಂತಲೇ ಹೇಳಿದ್ದಳು. ನಿನ್ನೆ ನೆಂಟರು ಬರುವ ಮೊದಲು ಪಂಪನ್ನು ಹೊರಕೋಣೆಯ ಟ್ರಂಕಿನಲ್ಲಿ ಅಡಗಿಸಿದಳು. ಹುಡುಗನ ತಾಯಿ ಬಂದು ಆ ಟ್ರಂಕಿನ ಮೇಲೆಯೇ ಕೂತರು.

ಅಡುಗೆಮನೆಯಲ್ಲಿ ಎಣ್ಣೆಯ ಹೊಗೆಗೆ ಸುಗುಣಳಿಗೆ ಸುರುವಾಯಿತು. ಎದೆಯಿಂದ ಸೀಟಿಯಂಥ ಸದ್ದು. ಆಸ್ಪತ್ರೆಗೆ ಹೋಗೋಣ ಎಂದು ಅಜಿತ್ ಕೈ ಹಿಡಿದರೆ ಕೊಡವಿಕೊಂಡಳು.

“ಮಿಕ್ಸಿ ಹಾಕ್ ಮಗಾ. ಅವ್ರ್ ಹೋಪಲ್ಲಿವರೆಗೆ ನಿಲ್ಸ್‌ಬೇಡ.”

ಖಾಲಿ ಜಾರು ತಿರುಗಿತು. ಹೊರಗೆ ಯಾರೋ, ಚಟ್ನಿ ಊರಿಗೆಲ್ಲ ಸಾಕಾಗುತ್ತದೆ ಅಂತ ನಕ್ಕರು. ಅವರ ಕಾರು ಹೋದ ಮೇಲೆ ಅಜಿತ್ ಟ್ರಂಕು ತೆರೆದು ಪಂಪು ತಂದು ಒತ್ತಿದ. ಒಳಗೆ ಮದ್ದು ಇರಲಿಲ್ಲ. ಆಟೋ ಬರುವಾಗ ಅವಳಿಗೆ ಉಸಿರಿರಲಿಲ್ಲ.

*

ಹೆಣದ ಸುತ್ತ ಲೋಬಾನದ ಹೊಗೆ ತುಂಬಿತ್ತು. ಶರಣ್ಯಾ ಬಾಯಿಗೆ ವೇಲು ಒತ್ತಿಕೊಂಡು ಗೋಡೆಗೆ ಒರಗಿದ್ದಳು. ಅಳುತ್ತಿದ್ದಾಳೆ ಅಂದುಕೊಂಡು ಪಕ್ಕದ ಮನೆಯ ವನಜಕ್ಕ ಬೆನ್ನು ಸವರುತ್ತಿದ್ದಳು. ಅಳುವವರ ಹೆಗಲು ಹಾಗೆ ಏರಿಳಿಯುವುದಿಲ್ಲ. ಅಣ್ಣ ನೋಡಿದ್ದು ಕಂಡು ಅವಳು ಕಣ್ಣಲ್ಲೇ ಬೇಡ ಅಂದಳು.

ಉದಯಶಂಕರ ಅವನನ್ನು ಹತ್ತಿರ ಕರೆದರು. ದನಿ ಸಣ್ಣದು ಮಾಡಿದರು.

“ಅಮ್ಮಂಗ್ ಉಬ್ಸ ಇದ್ದಿತಾ? ಹುಡ್ಗಿಗೂ ಇತ್ತಾ?”

ಇಲ್ಲ ಅಂದಿದ್ದರೆ ಸಾಕಿತ್ತು.

ಅಜಿತ್ ಹಗ್ಗ ಕೆಳಗಿಟ್ಟ. ಜಗಲಿ ಹತ್ತಿದ, ತಾಯಿಯ ಕಾಲ ಬಳಿ ಬಳಸಿಕೊಂಡು ಹೋಗಿ ತಂಗಿಯನ್ನು ಎಬ್ಬಿಸಿದ. ಬಾಯಿಗೆ ಒತ್ತಿದ್ದ ಅವಳ ಕೈಯನ್ನು ಬಿಡಿಸಿ ತಾನು ಹಿಡಿದುಕೊಂಡ.

“ಕೊಳ್ಳಿ ಇಡುದ್ ಬಿಟ್ಟ್ ಎಲ್ಲಿಗ್ ಹೊರ್ಟದ್ದಾ?” ಲೀಲಾಧರ ಅಡ್ಡ ಬಂದ.

“ಆಸ್ಪತ್ರಿಗೆ,” ಅಂದು ಅಜಿತ್ ಅವನ ಪಕ್ಕದಿಂದ ನಡೆದ. ಬೈಕು ನಿಲ್ಲಿಸಿದ್ದ ಬೇಲಿಯ ದಣಪೆಯವರೆಗೂ ಶರಣ್ಯಾಳ ಎದೆಯ ಸೀಟಿ ಅಂಗಳಕ್ಕೆಲ್ಲ ಕೇಳುತ್ತಿತ್ತು.