ಬೀಗರ ಪೀಪಿ

ಗೋಪಾಲಪ್ಪನಿಗೆ ತನ್ನ ಹೊಟ್ಟೆಯ ಬಗ್ಗೆ ಕುತೂಹಲ ಹುಟ್ಟಿದ್ದು ಐವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಹೊಟ್ಟೆ ಎಂದರೆ ತುಂಬಿಸಬೇಕಾದ ಚೀಲ, ಅಷ್ಟೇ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಬದಲಾದಂತೆಲ್ಲ ಊಟದ ಹೊತ್ತೂ ಬದಲಾಗಿ, ಸಿಕ್ಕಾಗ ಬೋಂಡ, ಸಿಗದಾಗ ಟೀ ಎಂದು ಅರ್ಧ ಆಯುಷ್ಯ ತಳ್ಳಿದ್ದ. ಆ ಚೀಲ ಈಗ ಸೇಡು ತೀರಿಸಿಕೊಳ್ಳತೊಡಗಿತ್ತು. ಸಂಜೆಯಾದರೆ ತಮಟೆಯ ಹಾಗೆ ಬಿಗಿದುಕೊಂಡು, ಮನುಷ್ಯ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ದೊಡ್ಡ ರೋಗವೇನೂ ಇಲ್ಲ, ತಿನ್ನುವ ರೀತಿ ಬದಲಾಯಿಸಿಕೊಳ್ಳಿ ಎಂದು ಕಳಿಸಿದರು. ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದೇ ತಿಳಿಯಲಿಲ್ಲ. ಆಗ ಮಗಳು ಬಿಂದುಶ್ರೀ, ದೊಡ್ಡಬಳ್ಳಾಪುರದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದವಳು, ಒಂದು ಯಂತ್ರ ತರಿಸಿಕೊಟ್ಟಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಒಂದು ತುದಿಗೆ ಪುಟ್ಟ ಮೂತಿ. ಉಂಡ ಮೇಲೆ ಆಗಾಗ ಅದಕ್ಕೆ ಬಾಯಿಟ್ಟು ಊದಬೇಕು. ಅರಗದೆ ಉಳಿದದ್ದು ಕರುಳಿನಲ್ಲಿ ಹುಳಿತಾಗ ಏಳುವ ಗಾಳಿ ಉಸಿರಿನಲ್ಲೂ ಸೇರಿರುತ್ತದಂತೆ. ಯಂತ್ರ ಅದನ್ನು ಅಳೆದು ಸೊನ್ನೆಯಿಂದ ಹತ್ತರೊಳಗಿನ ಒಂದು ಅಂಕಿಯನ್ನು ಫೋನಿಗೆ ಕಳಿಸುತ್ತದೆ. ಗೋಪಾಲಪ್ಪ ಅದಕ್ಕೆ ಪೀಪಿ ಎಂದು ಹೆಸರಿಟ್ಟ.

ಮೊದಲು ನಕ್ಕ, ಆಮೇಲೆ ಹುಚ್ಚು ಹಿಡಿಯಿತು. ಮಟನ್ ತಿಂದ ಭಾನುವಾರ ಹತ್ತಕ್ಕೇ ಏರುತ್ತದೆ ಎಂದು ಕಾದರೆ ಪೀಪಿ ಮೂರರಲ್ಲಿ ನಿಂತಿತು. ಕಾಳು, ಈರುಳ್ಳಿ ಹೆಚ್ಚಾದ ದಿನ ಆರು. ಏನೂ ತಿನ್ನದೆ ಹಾಲು ಹಾಕಿದ ಟೀಯನ್ನೇ ಕುಡಿಯುತ್ತ ಕಳೆದ ದಿನ ಎಂಟು. ಊರೆಲ್ಲ ಹುಡುಕಿದ ಕಳ್ಳ ಟೀ ಲೋಟದಲ್ಲಿ ಕೂತಿದ್ದ. ಎರಡು ಮುದ್ದೆ ಗಬಗಬ ನುಂಗಿದರೆ ಒಂದು ಅಂಕಿ, ಒಂದೇ ಮುದ್ದೆಯನ್ನು ಸೊಪ್ಪಿನ ಸಾರಿನಲ್ಲಿ ನಿಧಾನಕ್ಕೆ ಉಂಡರೆ ಇನ್ನೊಂದು ಅಂಕಿ. ತನ್ನ ಹೊಟ್ಟೆಯೊಳಗೆ ಇಷ್ಟೊಂದು ಸಮಾಚಾರ ಇದೆಯೆಂದು ಗೊತ್ತಿರದ ಗೋಪಾಲಪ್ಪನಿಗೆ ದಿನವೂ ಒಂದು ಹೊಸ ಸೋಜಿಗ. ಟೀ ಎರಡಕ್ಕಿಳಿಯಿತು, ಬೋಂಡ ಬಿಟ್ಟುಹೋಯಿತು, ಸಂಜೆಯ ತಮಟೆಯೂ ನಿಂತಿತು.

ಕಾರ್ತಿಕದಲ್ಲಿ ಬಿಂದುಶ್ರೀಯ ಮದುವೆಯಾಗಿ ಅವಳು ಹೊಸಕೋಟೆ ಕಡೆಯ ಹಳ್ಳಿಗೆ ಹೋದಳು. ಆಮೇಲೆ ಒಂದು ವಿಚಿತ್ರ ನಡೆಯತೊಡಗಿತು. ಗೋಪಾಲಪ್ಪ ಎಂದಾದರೂ ಬಾಯಿ ತಡೆಯದೆ ನಾಲ್ಕು ಟೀ ಕುಡಿದರೆ ಅವತ್ತೇ ಸಂಜೆ ಮಗಳ ಫೋನು ಬರುತ್ತಿತ್ತು. ಅದೂ ಇದೂ ಮಾತಾಡಿ, ಕೊನೆಗೆ ಟೀ ಜಾಸ್ತಿ ಆಯಿತಾ ಎನ್ನುವಳು. ಚಾಡಿ ಹೇಳುವವಳು ಹೆಂಡತಿ ಅಕ್ಕಯಮ್ಮನೇ ಎಂದು ಅವನ ಗುಮಾನಿ. ಅವಳು ದೇವರ ಮೇಲೆ ಆಣೆ ಇಟ್ಟಳು. ಮತ್ತೆ ಯಾರಿರಬಹುದು ಎಂದು ಅವನು ಬಹಳ ದಿನ ತಲೆ ಕೆಡಿಸಿಕೊಂಡ.

ಧನುರ್ಮಾಸ ಕಳೆದು ಸಂಕ್ರಾಂತಿಯೂ ಮುಗಿದ ಮೇಲೆ ಬೀಗರೂಟಕ್ಕೆ ದಿನ ಗೊತ್ತಾಯಿತು. ಗಂಡಿನ ಕಡೆಯವರನ್ನು ಕರೆದು ಮಾಂಸದೂಟ ಹಾಕುವುದೆಂದರೆ ನಮ್ಮ ಕಡೆ ಮದುವೆಗಿಂತ ದೊಡ್ಡ ಪರೀಕ್ಷೆ. ಮದುವೆಯಲ್ಲಿ ಅನ್ನ ಮುದ್ದೆಯಾದರೆ ಜನ ಕ್ಷಮಿಸುತ್ತಾರೆ, ಬೀಗರೂಟದಲ್ಲಿ ಬೀಗ ಎಲೆಯಲ್ಲಿ ಬಿಟ್ಟೆದ್ದರೆ ಕ್ಷಮೆಯಿಲ್ಲ. ಗೋಪಾಲಪ್ಪನ ತಂಗಿಯ ಬೀಗರೂಟದಲ್ಲಿ ಹಾಗೇ ಆಗಿತ್ತು. ಅವಳ ಮಾವ ಏನೋ ಮುನಿಸಿನಿಂದ ಅರ್ಧ ಎಲೆ ಬಿಟ್ಟೆದ್ದ. ನಿಮ್ಮಪ್ಪನ ಮನೆ ಊಟ ನೋಡಿದ್ದೀವಿ ಬಿಡು ಎಂಬ ಮಾತನ್ನು ಆ ಹೆಣ್ಣುಮಗಳು ತಲೆ ನರೆಯುವವರೆಗೂ ಕೇಳಿದಳು. ತನ್ನ ಮಗಳಿಗೆ ಆ ಗತಿ ಬರಬಾರದು. ಗೋಪಾಲಪ್ಪನಿಗೆ ಅದೊಂದೇ ಚಿಂತೆ.

ಬೀಗ ಚಿಕ್ಕವೆಂಕಟಪ್ಪನಾದರೋ ಹೆಸರು ಮಾಡಿದ ಊಟಗಾರ. ಅವನ ತಮ್ಮ ಕಾಂತರಾಜು ವ್ಯಾನಿನಿಂದ ಇಳಿಯುತ್ತಲೇ, ನಮ್ಮಣ್ಣ ಕೂತರೆ ಮೂರು ಮುದ್ದೆಗೆ ಕಮ್ಮಿ ಏಳುವುದಿಲ್ಲ, ಸಾರು ಸಾಕಷ್ಟು ಇದೆ ತಾನೆ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದ. ಆಗಲೇ ಹತ್ತು ಗಂಟೆ ದಾಟಿತ್ತು. ಮೊದಲು ತಟ್ಟೆ ಇಡ್ಲಿ, ಕುರಿಯ ಬೋಟಿ ಗೊಜ್ಜಿನ ತಿಂಡಿ. ಮಧ್ಯಾಹ್ನ ಅವರೆಕಾಳು ಹಾಕಿದ ಮಟನ್ ಸಾರಿನ ಊಟ. ತಿಂಡಿಗೆ ಗೋಪಾಲಪ್ಪ ಬೀಗನನ್ನು ಪಕ್ಕದಲ್ಲೇ ಕೂರಿಸಿಕೊಂಡ.

ಕೂತು ಸ್ವಲ್ಪ ಹೊತ್ತಿಗೆ ಅವನ ಕಣ್ಣು ಬೀಗನ ಎಲೆಯ ಮೇಲೆ ನಿಂತಿತು. ಬೀಗ ತಿನ್ನುತ್ತಿರಲಿಲ್ಲ. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಆದರೆ ಹಾವಿನ ಹೆಜ್ಜೆ ಹಾವೇ ಬಲ್ಲದು. ಇಡ್ಲಿಯನ್ನು ಚೂರು ಮಾಡಿ ಎಲೆಯ ತುಂಬ ಹರಡುವುದು, ಗೊಜ್ಜಿನಲ್ಲಿ ಬೆರಳಾಡಿಸಿ ಬರಿಗೈಯನ್ನು ಬಾಯಿಗೆ ಒಯ್ಯುವುದು, ಬಡಿಸುವವರು ಬಂದಾಗ ಜೋರಾಗಿ ಮಾತು ತೆಗೆಯುವುದು, ಎಲ್ಲವೂ ಗೋಪಾಲಪ್ಪ ತಾನೇ ಹತ್ತು ಕಡೆ ಮಾಡಿದ್ದ ಆಟಗಳು. ತನಗೇನೋ ಪೀಪಿಯ ಭಯವಿತ್ತು. ಈ ಮಹರಾಯನಿಗೆ ಏನು ಬಂದಿದೆ? ಉಪ್ಪು ಹೆಚ್ಚಾಯಿತೇ, ಮರ್ಯಾದೆ ಕಮ್ಮಿಯಾಯಿತೇ, ಮಗಳ ಮೇಲೇನಾದರೂ ಅಸಮಾಧಾನವೇ? ಕೇಳುವ ಹಾಗಿಲ್ಲ, ಕೇಳದೆ ಇರುವ ಹಾಗೂ ಇಲ್ಲ.

ಕೈ ತೊಳೆದ ಮೇಲೆ ಚಿಕ್ಕವೆಂಕಟಪ್ಪ ಒಬ್ಬನೇ ಹಿತ್ತಿಲ ಕಡೆ ಹೋದ. ಊದುವ ಹೊತ್ತಾಗಿತ್ತೆಂದು ಗೋಪಾಲಪ್ಪನೂ ಅತ್ತಲೇ ಹೊರಟಿದ್ದ. ರಾಗಿ ಹುಲ್ಲಿನ ಮೆದೆಯ ಹಿಂದೆ ಬೀಗ ಗೋಡೆಗೆ ಮುಖ ಮಾಡಿ ನಿಂತು, ಮುಷ್ಟಿಯನ್ನು ಬಾಯಿಗೆ ಹಿಡಿದಿದ್ದ. ಬೀಡಿಯಿರಬೇಕು ಎಂದುಕೊಂಡು ಗೋಪಾಲಪ್ಪ ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ಒಂದು ವಿಷಯ ಅವನನ್ನು ಹಿಡಿದು ನಿಲ್ಲಿಸಿತು. ಹೊಗೆಯೇ ಬರುತ್ತಿರಲಿಲ್ಲ. ಬೀಗ ಎಳೆಯುತ್ತಿರಲಿಲ್ಲ, ಊದುತ್ತಿದ್ದ.

ಕಾಲಸಪ್ಪಳಕ್ಕೆ ತಿರುಗಿದ ಚಿಕ್ಕವೆಂಕಟಪ್ಪ ಮುಷ್ಟಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಗೋಪಾಲಪ್ಪನೇ ಜೇಬಿಗೆ ಕೈ ಹಾಕಿ ತನ್ನ ಪೀಪಿಯನ್ನು ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದ. ಬೀಗನ ಮುಷ್ಟಿಯೂ ಮೆಲ್ಲಗೆ ಮುಂದೆ ಬಂದು ಬಿಚ್ಚಿಕೊಂಡಿತು. ಅದೇ ಬಣ್ಣ, ಅದೇ ಮೂತಿ.

"ಎಷ್ಟು ಬಂತು ಬೀಗ್ರೆ?" ಎಂದ ಗೋಪಾಲಪ್ಪ. ಎಲ್ಲಕ್ಕಿಂತ ಮೊದಲು ಅವನಿಗೆ ತಿಳಿಯಬೇಕಾಗಿದ್ದದ್ದು ಅದೇ.

"ಎರಡು. ತಿಂದಿದ್ರೆ ತಾನೆ ಬರೋಕೆ. ನಿಮ್ದು?"

ಗೋಪಾಲಪ್ಪ ಅಲ್ಲೇ ಊದಿದ. ಮೂರು ಬಂತು. ಬೀಗ ಅವನ ಫೋನಿನತ್ತ ಬಗ್ಗಿ ನೋಡಿ, ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದ. ಇದು ನಿಮಗೆಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ ಚಿಕ್ಕವೆಂಕಟಪ್ಪ ಅವನನ್ನೇ ಒಮ್ಮೆ ನೋಡಿದ.

"ನಿಮ್ಮ ಮಗಳು ಕೊಟ್ಟಿದ್ದು ಕಣ್ರೀ. ಅವಳು ಬಂದು ಹದಿನೈದು ದಿನ ಆಗಿರ್ಲಿಲ್ಲ, ನಾನು ಹೊಟ್ಟೆ ಹಿಡ್ಕಂಡು ಹಿತ್ಲಲ್ಲಿ ಕೂತಿದ್ದು ನೋಡ್ಬಿಟ್ಲು. ನಮ್ಮ ಮನೇವ್ಳಿಗೂ ಹೇಳಿರ್ಲಿಲ್ಲ ನಾನು. ಯಾರ್ಗೂ ಹೇಳಲ್ಲ ಮಾವ, ಇದನ್ನ ಊದಿ ಅಂತ ಕೈಗಿಟ್ಲು. ಊದಿದ್ದೆಲ್ಲ ನೆಟ್ಟಗೆ ಅವಳ ಫೋನ್ಗೂ ಹೋಯ್ತದೆ. ಜಾಸ್ತಿ ಬಂದ್ರೆ ಮುಗೀತು, ಟೀ ಲೋಟ ಹಿಡಿಯೋ ಹೊತ್ಗೆ ಎದುರ್ಗೆ ಬಂದು ನಿಂತಿರ್ತಾಳೆ."

ಗೋಪಾಲಪ್ಪ ತನ್ನ ಪೀಪಿಯನ್ನು ಮತ್ತೊಮ್ಮೆ ನೋಡಿದ. ಟೀ ಹೆಚ್ಚಾದ ಸಂಜೆಗಳು, ಆ ಫೋನು, ಪಾಪದ ಅಕ್ಕಯಮ್ಮನ ಆಣೆ, ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಕೊಟ್ಟ ಹೆಣ್ಣು ಕುಲದ ಹೊರಗೆ ಎಂದು ಮದುವೆಯ ದಿನ ಯಾರೋ ಅಂದಾಗ ಅವನೂ ಹೂಂಗುಟ್ಟಿದ್ದ. ಅವಳು ಎಲ್ಲೂ ಹೋಗಿರಲಿಲ್ಲ, ದಿನಾ ತನ್ನ ಉಸಿರನ್ನು ನೋಡುತ್ತಲೇ ಇದ್ದಳು. ಅವನಿಗೆ ಅಳು ಬಂದಂತಾಯಿತು, ಬೀಗನ ಎದುರು ಅತ್ತರೆ ಚೆನ್ನಾಗಿರುವುದಿಲ್ಲವೆಂದು ತಡೆದುಕೊಂಡ.

ಚಿಕ್ಕವೆಂಕಟಪ್ಪನಿಗೂ ತನ್ನದೇ ಭಯವಿತ್ತು. ಮಧ್ಯಾಹ್ನ ಎಲೆಯಲ್ಲಿ ಬಿಟ್ಟರೆ ತನ್ನ ಕಡೆಯ ಬಾಯಿಗಳು ಹೆಣ್ಣಿನ ತೌರನ್ನು ಆಡಿಕೊಳ್ಳುತ್ತವೆ, ಆ ಮಾತು ಹೋಗಿ ತಗಲುವುದು ಹುಡುಗಿಗೆ. ಬಿಡದೆ ತಿಂದರೆ ನಾಳೆ ತಾನು ಏಳುವುದಿಲ್ಲ. ಇಬ್ಬರೂ ಒಂದೇ ಹುಡುಗಿಗೆ ಹೆದರಿ, ಒಂದೇ ಹುಡುಗಿಗಾಗಿ ಹೆದರಿ, ಮೆದೆಯ ಹಿಂದೆ ನಿಂತಿದ್ದರು. ಉಪಾಯ ಯಾರಿಗೂ ಹೊಳೆಯಲಿಲ್ಲ. ಒಳಗಿಂದ ಎಲೆ ಹಾಕಿದೆ ಎಂಬ ಕೂಗು ಬಂತು.

ಮಧ್ಯಾಹ್ನದ ಪಂಕ್ತಿಯಲ್ಲಿ ಊರಿನ ಹಿರಿಯರೂ ಕೂತಿದ್ದರು. ಬೀಗನ ಎಲೆಗೆ ಬಿಸಿ ಮುದ್ದೆ ಬಿತ್ತು, ಸಾರು ಹರಿಯಿತು. ಚಿಕ್ಕವೆಂಕಟಪ್ಪ ಈ ಸಲ ಆಟವಾಡಲಿಲ್ಲ. ಒಂದೊಂದೇ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವಸರವಿಲ್ಲದೆ ಉಂಡ. ಮುದ್ದೆ ಮುಗಿಯಿತು, ತುಂಡುಗಳು ಮುಗಿದವು, ಎಲೆ ಚೊಕ್ಕಟವಾಯಿತು. ಅಕ್ಕಯಮ್ಮ ಎರಡನೆಯ ಮುದ್ದೆ ಹಿಡಿದು ಬಂದಳು. ಹಾಕಿ ಹಾಕಿ, ಇನ್ನೂ ಶುರುವೇ ಆಗಿಲ್ಲ ನಮ್ಮಣ್ಣನಿಗೆ ಎಂದು ಕಾಂತರಾಜು ಕೂಗಿದ. ಎಲ್ಲರ ಕಣ್ಣೂ ಅತ್ತ ತಿರುಗಿತು. ಗೋಪಾಲಪ್ಪನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಚಿಕ್ಕವೆಂಕಟಪ್ಪ ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದ.

"ಸಾಕು ತಾಯಿ, ಊಟ ಬಲು ಸೊಗಸಾಗಿತ್ತು. ಇನ್ನೊಂದು ಹಾಕುಸ್ಕಂಡ್ರೆ ನನ್ನ ಸೊಸೆ ಬೈತಾಳೆ."

ಪಲ್ಯದ ಬೇಸಿನ್ ಹಿಡಿದು ಆಚೆ ಸಾಲಿನಲ್ಲಿದ್ದ ಬಿಂದುಶ್ರೀ ತಲೆ ತಗ್ಗಿಸಿದಳು. ಆಮೇಲೆ ಹೆಂಗಸರ ಕಡೆಯಿಂದ ನಗು ಎದ್ದಿತು. ಬಂದು ಎರಡು ತಿಂಗಳಿಗೇ ಮಾವನನ್ನು ಬೈಯುವಂತಾದಳೇ ಎಂದು ಮುದುಕಿಯೊಬ್ಬಳು ಮೆಚ್ಚಿಕೊಂಡಳು. ಇಂಥ ಅಣ್ಣನನ್ನು ಕಂಡರಿಯದ ಕಾಂತರಾಜು ಬಾಯಿ ಮುಚ್ಚಿಕೊಂಡು ತನ್ನ ಮುದ್ದೆಯ ಕಡೆ ಗಮನ ಕೊಟ್ಟ. ಆ ಮನೆಯಲ್ಲಿ ಆ ಹುಡುಗಿಯ ಮಾತು ನಡೆಯುತ್ತದೆ ಎಂಬುದು ಎರಡೂ ಊರಿಗೆ ಒಟ್ಟಿಗೇ ತಿಳಿಯಿತು.

ಅಕ್ಕಯಮ್ಮ ಕೈಯಲ್ಲಿ ಉಳಿದ ಮುದ್ದೆಯನ್ನು ಗಂಡನ ಎಲೆಯ ಕಡೆ ತಂದಳು. ಗೋಪಾಲಪ್ಪನೂ ಎಡಗೈಯನ್ನು ಅಡ್ಡ ಹಿಡಿದ.

"ನಂಗೂ ಬ್ಯಾಡ ಕಣೆ," ಎಂದ, ಆಚೆ ಸಾಲಿಗೂ ಕೇಳುವ ಹಾಗೆ. "ನಂಗೂ ಬೈತಾಳೆ."