ಹಿರೇ ಅಳಿಯನ ಕಟಗಿ

ಉಮರ್ಗಾದಲ್ಲಿ ಕಟ್ಟಿಗೆ ವಖಾರಿ ಇಟ್ಟುಕೊಂಡಿದ್ದ ಗುರುಲಿಂಗನಿಗೆ ಯಾರನ್ನು ಕಂಡರೂ ಹೊಟ್ಟೆಕಿಚ್ಚಿರಲಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಅವನ ಹೆಂಡತಿಯ ತಂಗಿಯ ಗಂಡ ವಿರೂಪಾಕ್ಷ. ಅವನದೂ ಕಟ್ಟಿಗೆ ವಖಾರಿಯೇ, ಉದಗೀರದಲ್ಲಿ. ಗುರುಲಿಂಗ ಇಪ್ಪತ್ತು ವರ್ಷದಿಂದ ದೇವಣಿ ಕಡೆಯ ಜಾಲಿ ತಂದು ಮಾರುತ್ತಿದ್ದ. ಈ ವಿರೂಪಾಕ್ಷ ನಿನ್ನೆ ಮೊನ್ನೆ ಬಂದವ, ಗಡಿಯಾಚೆಯಿಂದ ಲಾರಿಗಟ್ಟಲೆ ಗಟ್ಟಿ ಕಟ್ಟಿಗೆ ತರಿಸುತ್ತಿದ್ದ. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು. ಆದರೂ ಯೆಣೆಗೂರಿನ ಧಾಬಾದವರು ಪಕ್ಕದ ಗುರುಲಿಂಗನನ್ನು ಬಿಟ್ಟು ಉದಗೀರಕ್ಕೇ ಫೋನು ಹಚ್ಚುತ್ತಿದ್ದರು. ಹೆಚ್ಚು ರೊಕ್ಕ ಕೊಟ್ಟು! ಇದಕ್ಕೇನನ್ನಬೇಕು?

ಹೋಗಲಿ, ಧಾಬಾದವರು ಹಾಳಾಗಿ ಹೋಗಲಿ. ನಿಲಂಗಾದಲ್ಲಿ ಅತ್ತೆ ಅಂಬುಬಾಯಿಯ ಕೊನೆಯ ಮಗಳು ಶಾಂಭವಿಯ ಮದುವೆ ಬಂತು. ಆ ಮನೆತನದಲ್ಲಿ ಮದುವೆಯ ದೊಡ್ಡ ಒಲೆಗೆ ಕಟ್ಟಿಗೆ ತಂದು ಬೆಂಕಿ ಹಚ್ಚುವುದು ಹಿರಿಯ ಅಳಿಯನ ಮಾನ. ಅದಕ್ಕೂ ಕಲ್ಲು ಬಿತ್ತು.

“ವಿರೂಪಾಕ್ಷನ ಕಟಗಿ ಭಾಳ ಚೊಲೋ ಅಂತಾರಲ್ಲಪ್ಪಾ,” ಅಂದಳು ಅಂಬುಬಾಯಿ. “ಇಬ್ಬರೂ ತರ್ರಿ. ಸಮ ತೂಕ, ಎರಡು ಒಲಿ, ಎರಡು ಹಂಡೆ ನೀರು. ಯಾರದು ಮೊದಲ ಕುದೀತದ, ಅವರೇ ಮದುವಿ ಒಲಿ ಹಚ್ಚಲಿ.”

ಗುರುಲಿಂಗನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದ ಅಳಿಯನಿಗೆ ಪರೀಕ್ಷೆಯೇ? ಜಾಲಿ ಒಯ್ದರೆ ಸೋಲು ಖಾತ್ರಿ ಎಂದು ತಾನೂ ಟೆಂಪೋ ಹತ್ತಿ ಗಡಿ ದಾಟಿದ. ಗುರುತಿಲ್ಲದ ವ್ಯಾಪಾರಿಯೊಬ್ಬ ತೊಗಟೆ ಸುಲಿದು ಸೀಳಿದ ಹಳದಿ ತುಂಡುಗಳನ್ನು ತೋರಿಸಿದ. “ಕಬ್ಬಿಣ ಅದ ನೋಡ್ರೀ ಮಾಲಕ,” ಅಂದ. ಗುರುಲಿಂಗ ಯಾವ ಗಿಡದ್ದು ಎಂದೂ ಕೇಳಲಿಲ್ಲ. ವಿರೂಪಾಕ್ಷನ ಕಟ್ಟಿಗೆಗಿಂತ ಭಾರ ಇದ್ದರೆ ಸಾಕಾಗಿತ್ತು ಅವನಿಗೆ. ಅದನ್ನೇ ಟೆಂಪೋ ತುಂಬ ಹೇರಿಕೊಂಡು ನಿಲಂಗಾಕ್ಕೆ ಬಂದ.

ಮದುವೆಯ ಹಿಂದಿನ ದಿನ ಮುಂಜಾನೆ ಅವನು ಜಳಕ ಮಾಡಿ ವಿಭೂತಿ ಹಚ್ಚಿಕೊಂಡು ಬರುವಷ್ಟರಲ್ಲಿ ವಿರೂಪಾಕ್ಷ ಎರಡೂ ಒಲೆಗೆ ಕಟ್ಟಿಗೆ ಹೂಡಿ ಬೆಂಕಿ ಹಾಕಿಬಿಟ್ಟಿದ್ದ. ಎಲ್ಲದಕ್ಕೂ ಮುಂದೆ, ಮುಂಡೇಗಂಡ! ಆದರೆ ಗುರುಲಿಂಗನ ಒಲೆ ಧಗಧಗ ಉರಿಯಿತು. ವಿರೂಪಾಕ್ಷನದು ಬರೀ ಹೊಗೆ. ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಗುರುಲಿಂಗನ ಹಂಡೆ ಕುದಿಯುವಾಗ ಇನ್ನೊಂದರ ನೀರು ಉಗುರು ಬೆಚ್ಚಗೂ ಆಗಿರಲಿಲ್ಲ.

“ಹಿರೇ ಅಳಿಯ ಹಿರೇ ಅಳಿಯನೇ!” ಅಂದಳು ಅಂಬುಬಾಯಿ.

ಇಷ್ಟು ಖುಷಿ ಅವನಿಗೆ ತನ್ನ ಮದುವೆಯ ದಿನವೂ ಆಗಿರಲಿಲ್ಲ. ದೊಡ್ಡ ಒಲೆಗೆ ಕಟ್ಟಿಗೆ ಇಳಿಸೋಣವೆಂದು ಮೀಸೆ ತೀಡುತ್ತ ಟೆಂಪೋದ ಹತ್ತಿರ ಹೋಗಿ ತಾಡಪತ್ರಿ ಎತ್ತಿದ. ತಂದ ಮಾಲು ತಂದಂತೆಯೇ ಇತ್ತು. ಒಂದು ತುಂಡೂ ಕಡಿಮೆಯಾಗಿರಲಿಲ್ಲ.

ಹಿಂದೆಯೇ ವಿರೂಪಾಕ್ಷ ಬಂದು ನಿಂತ. “ಅಣ್ಣಾ, ಸಾವಕಾಶ ಮಾತಾಡ್ರಿ. ಅದು ಪತ್ರಿ ಗಿಡದ ಕಟಗಿ ಅದ.”

ದಿನಾ ಲಿಂಗಕ್ಕೆ ಬಿಲ್ವಪತ್ರಿ ಏರಿಸುವ ಗುರುಲಿಂಗ ಆ ಗಿಡದ ಕಟ್ಟಿಗೆ ಒಳಗೆ ಹೇಗಿರುತ್ತದೆಂದು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನ ಮಂದಿಯಲ್ಲಿ ಅದಕ್ಕೆ ಕೊಡಲಿ ಹಾಕುವವರೇ ಇರಲಿಲ್ಲ, ಇನ್ನು ಒಲೆಗೆ ಇಡುವುದೆಲ್ಲಿ ಬಂತು? ಎತ್ತಿದ ತಾಡಪತ್ರಿಯನ್ನು ಗಡಬಡಿಸಿ ಮತ್ತೆ ಎಳೆದು ಮುಚ್ಚಿದ.

“ನಾ ಹತ್ತು ಊರಿನ ಮಾಲು ನೋಡಾಂವ, ಗುರ್ತು ಸಿಕ್ಕಿತು,” ಅಂದ ವಿರೂಪಾಕ್ಷ. “ನಿಮ್ಮ ಒಲಿಗೆ ನನ್ನ ಕಟಗಿ ಹೂಡೀನಿ. ನನ್ನ ಒಲಿಗೆ ಹಸೀ ಟೊಂಗಿ ಹಾಕ್ಕೊಂಡೆ. ಯಾರಿಗೂ ಗೊತ್ತಿಲ್ಲ. ಮದುವಿ ಒಲಿಗೂ ನಂದೇ ಇಳಿಸ್ತೀನಿ, ನೀವು ಹಚ್ಚಿಬಿಡ್ರಿ.”

ಬಯ್ದಿದ್ದರೆ ಬಯ್ಯಬಹುದಿತ್ತು, ನಕ್ಕಿದ್ದರೆ ಕಪಾಳಕ್ಕೆ ಬಾರಿಸಬಹುದಿತ್ತು. ಇಂಥವನಿಗೆ ಏನು ಮಾಡುವುದು?

ದೊಡ್ಡ ಒಲೆಯ ಮುಂದೆ ಬೀಗರು, ನೆಂಟರು ನೆರೆದಿದ್ದರು. ಅಂಬುಬಾಯಿ ಹಿರಿಯ ಅಳಿಯನ ತಲೆಗೆ ರುಮಾಲು ಸುತ್ತಿಸಿದಳು. ಕಿರಿಯವನ ಕಡೆ ತಿರುಗಿ, “ಕಟಗಿ ಹೆಂಗ ಆರಿಸೋದು, ನಿಮ್ಮಣ್ಣನ ಹಂತೇಲಿ ಕಲಿಯಪ್ಪಾ,” ಅಂದಳು.

“ಹೂಂ ರೀ ಅತ್ತಿ, ಕಲೀತೀನಿ,” ಅಂದ ವಿರೂಪಾಕ್ಷ, ತಲೆ ತಗ್ಗಿಸಿ.

ಗುರುಲಿಂಗ ಕಡ್ಡಿ ಗೀರಿದ. ಶಿವಾ, ಇದು ಹತ್ತಬಾರದು, ಏನಾದರೂ ಮಾಡಿ ಹತ್ತಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದೇ ಕಡ್ಡಿಗೆ ಹತ್ತಿತು.